ಮೂರು ತಲೆಯ ಗೂಬೆಯ ಹರಾಜು

ಅವತ್ತಿನ ಫಜೀತಿಗೆಲ್ಲ ಕಾರಣ ಒಂದು ಗೂಬೆ. ಮರದ ಮೇಲೆ ಕೂರುವ ಗೂಬೆಯಲ್ಲ. ಮೊಬೈಲಿನಲ್ಲಿ ಆಡುವ ಆಟವೊಂದರ ಕಾರ್ಡು. ಮೂರು ತಲೆ, ಬಾಲಕ್ಕೆ ಬೆಂಕಿ. ಆ ಆಟದ ಕಾರ್ಡುಗಳನ್ನು ಆಡಲೂಬಹುದು, ಮಾರಲೂಬಹುದು. ಯಾವ ಕಾರ್ಡು ಯಾರದು ಎಂಬುದನ್ನು ಬ್ಲಾಕ್‌ಚೈನ್ ಎಂಬುದೊಂದು ಊರೂರಿನ ಕಂಪ್ಯೂಟರುಗಳಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತದಂತೆ. ಒಮ್ಮೆ ಕೈ ಬದಲಾದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದಲಾಗದು.

ಆಡುತ್ತಾ ಆಡುತ್ತಾ ದುಡ್ಡು ಮಾಡಬಹುದೆಂದು ನಂಬಿ ಲಾಂಡ್ರಿಯ ಕಲಾವಿದ ಆ ಗೂಬೆಯನ್ನು ಕೊಂಡಿದ್ದ. ಕಲಾವಿದ ಅಂದರೆ ಚಿತ್ರ ಬಿಡಿಸುವವನಲ್ಲ, ಬಟ್ಟೆಯ ಕಲೆ ತೆಗೆಯುವವನು. ಜೊತೆಯವರು ಇಟ್ಟ ಹೆಸರು. ಕೊಂಡದ್ದೇನೋ ಸರಿ, ಕೊಂಡದ್ದು ಹೆಂಡತಿಯ ದುಡ್ಡಿನಲ್ಲಿ. ಅವಳು ಕಂಡವರ ಮನೆಯ ಪರದೆಗಳಿಗೆ ಅಂಚು ಹೊಲಿದು ವಾಷಿಂಗ್ ಮೆಷಿನ್ನಿಗೆಂದು ಕೂಡಿಟ್ಟು, ಇವನ ಕೈಗೆ ಕೊಟ್ಟಿದ್ದಳು. ಸೋಪಿನ ನೀರಿಗೆ ಅವಳ ಬೆರಳುಗಳೆಲ್ಲ ಬಿರುಕು ಬಿಟ್ಟಿದ್ದವು. ಆ ಬೆರಳುಗಳನ್ನು ನೋಡಿದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ಆದರೂ ಗೂಬೆಯ ರೇಟು ಏರಲಿ ಎಂದು ಕಾಯುತ್ತಿದ್ದ.

"ಸಾಯಂಕಾಲ ನಿಮ್ ಅಂಗಡಿ ಹತ್ರಾನೇ ಬರ್ತೀನಿ ರೀ. ಅಲ್ಲಿಂದ್ಲೇ ಶೋರೂಮಿಗೆ ಹೋಗಿ ಮೆಷಿನ್ ತಂದ್ಬಿಡೋಣ" ಅಂದಳು ಅವತ್ತು ಬೆಳಿಗ್ಗೆ. "ದುಡ್ಡು ಜೋಪಾನವಾಗಿದೆ ತಾನೆ?"

"ನನ್ನ ಹತ್ರ ಇದ್ರೆ ಬ್ಯಾಂಕಲ್ಲಿದ್ದ ಹಾಗೆ" ಅಂದ ಕಲಾವಿದ. ಎರಡು ಲೋಟ ನೀರು ಕುಡಿದ.

ಲಾಂಡ್ರಿಗೆ ಬಂದವನೇ ಗೂಬೆಯನ್ನು ಆಟದ ಸಂತೆಯಲ್ಲಿ ಹರಾಜಿಗಿಟ್ಟ. ಐದು ಗಂಟೆಗೆ ಹರಾಜು ಮುಕ್ತಾಯ. ಯಾರಾದರೂ ಕೂಗಿದರೆ ಫೋನು 'ಗೂಕ್' ಎನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಗೂಕ್ ಬಂತು. ಯಾರೋ ಪರದೇಶಿ ಪುಣ್ಯಾತ್ಮ ಕೂಗಿದ ಮೊತ್ತಕ್ಕೆ ಮೆಷಿನ್ನು ಬರುತ್ತಿರಲಿಲ್ಲ. ಇನ್ನೊಂದಿಷ್ಟು ಏರಬೇಕಿತ್ತು.

ಅಷ್ಟರಲ್ಲಿ ಯಜಮಾನರ ಚಪ್ಪಲಿ ಸದ್ದು ಕೇಳಿಸಿತು. ಹೋದ ವಾರ ಆಟದ ಗುಂಗಿನಲ್ಲಿ ಕಲೆ ತೆಗೆಯುವ ದ್ರಾವಣ ಹೆಚ್ಚು ಸುರಿದು ಗಿರಾಕಿಯೊಬ್ಬರ ಶರಟಿಗೆ ಕಿಟಕಿ ಇಟ್ಟಿದ್ದ ಇವನಿಗೆ ಅಂಗಡಿಯಲ್ಲಿ ಫೋನು ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು. ಕೈಗೆ ಸಿಕ್ಕಿದ ಕರಿ ಕೋಟೊಂದರ ಒಳಜೇಬಿಗೆ ಫೋನು ತುರುಕಿದ.

"ಫೋನೆಲ್ಲಪ್ಪಾ?"

"ಮನೇಲೇ ಬಿಟ್ಟು ಬಂದೆ ಸಾರ್."

"ಒಳ್ಳೇದಾಯ್ತು. ಬಾ ಒಳಗೆ, ಮೇಜುಬಟ್ಟೆಗಳಿಗೆಲ್ಲ ಶಾಯಿ ಚೆಲ್ಲಿದೆ."

ಮೇಜುಬಟ್ಟೆ ಉಜ್ಜಿ ಉಜ್ಜಿ ಅವನು ಹೊರಗೆ ಬರುವಾಗ ನಾಲ್ಕು ದಾಟಿತ್ತು. ಕೋಟು ಇದ್ದ ಜಾಗದಲ್ಲಿ ಬರೀ ಹ್ಯಾಂಗರು ತೂಗುತ್ತಿತ್ತು.

"ಅಕ್ಕಾ, ಇಲ್ಲಿದ್ದ ಕರಿ ಕೋಟು?"

ಕೌಂಟರಿನ ಅಕ್ಕ ತಲೆಯೆತ್ತಿದರು. ಎಲ್ಲರಿಗೂ ಸಹಾಯ ಮಾಡದೆ ಅವರಿಗೆ ಅನ್ನ ಸೇರುತ್ತಿರಲಿಲ್ಲ, ಬೇಡವೆಂದರೂ ಬಿಡುತ್ತಿರಲಿಲ್ಲ. ಯಜಮಾನರು ಎಲ್ಲರ ಸಂಬಳವನ್ನೂ ಅವರ ಫೋನಿಗೇ ಹಾಕಿ, ಹಂಚುವ ಕೆಲಸ ಅವರಿಗೇ ಬಿಟ್ಟಿದ್ದರಿಂದ ಎಲ್ಲರ ಸಂಸಾರದೊಳಗೂ ಅವರ ಮೂಗು ಇತ್ತು.

"ರಿಟೈರ್ಡ್ ಮೇಷ್ಟ್ರದ್ದು ತಾನೆ? ಹಾಕ್ಕೊಂಡೇ ಹೋದ್ರು. ಮೂಲೆ ಸ್ಟುಡಿಯೋದಲ್ಲಿ ಫೋಟೋ ತೆಗೆಸ್ಬೇಕಂತೆ."

ಕಲಾವಿದ ಕೌಂಟರಿನ ಮೇಲೆ ಬಗ್ಗಿದ. ಅಕ್ಕನ ಕಿವಿಯಲ್ಲಿ ಗೂಬೆಯ ಕತೆ, ಹೆಂಡತಿಯ ದುಡ್ಡಿನ ಕತೆ ಎಲ್ಲ ಒಂದೇ ಉಸಿರಿಗೆ ಹೇಳಿ, "ನಿಮ್ಮ ಫೋನಲ್ಲೂ ಆ ಆಟ ಇದೆಯಲ್ಲ, ನೀವೂ ಕೂಗ್ತಾ ಇರಿ ಅಕ್ಕಾ. ಗೂಬೆ ಕಡಿಮೆಗೆ ಹೋಗೋಕೆ ಬಿಡ್ಬೇಡಿ!" ಅಂದ. ಒಬ್ಬರನ್ನು ಸೇರಿಸಿದರೆ ಒಂದು ಕಾರ್ಡು ಪುಕ್ಕಟೆ ಸಿಗುತ್ತದೆಂದು ಅಂಗಡಿಯವರ ಫೋನಿಗೆಲ್ಲ ಆಟ ಹಾಕಿಕೊಟ್ಟವನು ಅವನೇ. ಅಷ್ಟಕ್ಕೂ ಸಮಾಧಾನವಾಗದೆ, ಹಿತ್ತಿಲ ಬಾಗಿಲಿನಿಂದ ಓಡುವಾಗ ಇಸ್ತ್ರಿಯಣ್ಣನಿಗೂ ಅದನ್ನೇ ಪಿಸುಗುಟ್ಟಿದ. ಇವರ ಕೈಯಲ್ಲಿ ಏನಿದೆ, ಚಿಲ್ಲರೆ ಕೂಗಾದರೂ ಗದ್ದಲವಾದೀತು ಎಂದು ಅವನ ಲೆಕ್ಕ.

ಸ್ಟುಡಿಯೋದಲ್ಲಿ ಮೇಷ್ಟ್ರು ಕೋಟಿನ ಮೂರೂ ಗುಂಡಿ ಹಾಕಿಕೊಂಡು ಹೆಂಡತಿಯ ಪಕ್ಕ ಕಂಬದಂತೆ ಕೂತಿದ್ದರು.

"ಮೇಷ್ಟ್ರೇ, ಒಳಜೇಬಲ್ಲಿ ಒಂದು ಕಲೆ ಉಳ್ಕೊಂಡಿದೆ. ಒಂದ್ನಿಮಿಷ ಬಿಚ್ಚಿಕೊಟ್ರೆ..."

"ಒಳಜೇಬಿನ ಫೋಟೋ ಯಾರೂ ತೆಗೆಯಲ್ಲ. ಕೂತ್ಕೋ" ಎಂದು ಮೇಷ್ಟ್ರು ಬೆಂಚು ತೋರಿಸಿದರು. ಮೇಷ್ಟ್ರ ದನಿಗೆ ಕಲಾವಿದ ತಾನಾಗಿಯೇ ಕೂತ.

"ಸ್ವಲ್ಪ ನಗಿ ಸಾರ್" ಅಂದ ಫೋಟೋದವನು.

ಮೇಷ್ಟ್ರ ಎದೆಯೊಳಗಿಂದ 'ಗೂಕ್' ಎಂದಿತು.

"ಏನ್ರೀ ಅದು?" ಎಂದರು ಅವರ ಹೆಂಡತಿ.

"ಗ್ಯಾಸ್ಟ್ರಿಕ್" ಎಂದರು ಮೇಷ್ಟ್ರು ಮೆಲ್ಲಗೆ.

ಗೂಕ್. ಸ್ವಲ್ಪ ಹೊತ್ತಿಗೆ ಗೂಕ್, ಗೂಕ್. ಕಲಾವಿದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಯಾರೋ ಇಬ್ಬರು ಶ್ರೀಮಂತರು ಎಲ್ಲೋ ಕೂತು ತನ್ನ ಗೂಬೆಗಾಗಿ ಹಟಕ್ಕೆ ಬಿದ್ದು ಕೂಗುತ್ತಿದ್ದಾರೆ! ಆದರೆ ಎಷ್ಟಕ್ಕೆ? ಮೆಷಿನ್ನಿಗೆ ಸಾಲುತ್ತದೋ ಇಲ್ಲವೋ? ಗೋಡೆ ಗಡಿಯಾರದ ಮುಳ್ಳು ಐದರತ್ತ ಸರಿಯುತ್ತಿತ್ತು. ಮೇಷ್ಟ್ರು ಪ್ರತಿ ಗೂಕಿಗೂ ಬೆಚ್ಚಿ ಕಣ್ಣು ಮುಚ್ಚುತ್ತಿದ್ದರು, ಫೋಟೋದವನು ಮತ್ತೆ ಮತ್ತೆ ತೆಗೆಯುತ್ತಿದ್ದ. ಕಡೆಗೆ ಗೂಕುಗಳು ಎಡೆಬಿಡದೆ ಬರತೊಡಗಿದಾಗ ಮೇಷ್ಟ್ರ ಮುಖ ಬಿಳುಚಿಕೊಂಡಿತು.

"ಡಾಕ್ಟರ ಹತ್ರ ಹೋಗೋಣ ನಡೀರಿ" ಎಂದು ಅವರ ಹೆಂಡತಿ ಎದ್ದರು.

"ಬೇಡಮ್ಮಾ! ಕೋಟು ಬಿಚ್ಚಿದ್ರೆ ವಾಸಿಯಾಗುತ್ತೆ!" ಎಂದು ಕಲಾವಿದ ಹಾರಿ ಬಂದು ತಾನೇ ಗುಂಡಿ ಬಿಚ್ಚಿದ. ಫೋನು ಕೈಗೆ ಸಿಕ್ಕಿದಾಗ ಹರಾಜು ಮುಗಿದಿತ್ತು. ಗೂಬೆ ಮಾರಾಟವಾಗಿತ್ತು! ಮೆಷಿನ್ನಿಗೆ ಸಾಲುವಷ್ಟೂ ಬಂದಿತ್ತು, ಮೇಲೊಂದಿಷ್ಟೂ ಇತ್ತು. ಮೇಷ್ಟ್ರ ಬೈಗುಳವನ್ನು ಆಶೀರ್ವಾದದಂತೆ ಕೇಳಿಸಿಕೊಂಡು, ಬೀದಿಯಲ್ಲೇ ನಿಂತು ದುಡ್ಡನ್ನು ಬ್ಯಾಂಕಿಗೆ ಇಳಿಸಿದ. ಆಟದ ಕಂಪನಿ ತನ್ನ ಪಾಲು ಕತ್ತರಿಸಿಕೊಂಡಿತು. ಹಾಳಾಗಿ ಹೋಗಲಿ, ಮೆಷಿನ್ನಿಗಂತೂ ಮೋಸವಿರಲಿಲ್ಲ. ಎದೆಯ ಮೇಲಿಂದ ಬಂಡೆಗಲ್ಲು ಇಳಿದಂತಾಗಿ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಅಂಗಡಿಯಲ್ಲಿ ಹೆಂಡತಿ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಕಲಾವಿದ ಫೋನನ್ನು ಅವಳ ಮುಖಕ್ಕೆ ಹಿಡಿದು, "ನೋಡು, ಎಲ್ಲಾ ಇದೆ" ಎಂದ. ಅವಳು ಮುಗುಳ್ನಕ್ಕಳು. ಎಷ್ಟೋ ದಿನದಿಂದ ಕಾಣದಿದ್ದ ನಗು ಅದು.

ಅಷ್ಟರಲ್ಲಿ ಒಳಗಿನಿಂದ ಇಸ್ತ್ರಿಯಣ್ಣ ಬಂದ. "ಕ್ಷಮಿಸಪ್ಪಾ. ನನ್ನ ಸಂಬಳ ಪೂರ್ತಿ ಮುಗಿಯೋ ತನಕ ಕೂಗ್ದೆ. ಯಾವನೋ ಹಟಮಾರಿ ನಾನು ಒಂದು ಕೂಗಿದ್ರೆ ಎರಡು ಕೂಗ್ತಿದ್ದ. ಆ ಪರದೇಶಿಯಂತೂ ಎರಡೇ ಕೂಗಿಗೆ ಓಡಿಹೋದ. ಕೊನೇಲಿ ನಾನೂ ಕೈಬಿಟ್ಟೆ."

ಕೌಂಟರಿನ ಅಕ್ಕ ತಟ್ಟನೆ ಎದ್ದು ನಿಂತರು. "ಅಯ್ಯೋ, ಅದು ನೀನಾ? ನಿನ್ನ ಮೇಲಾ ನಾನು ಅಷ್ಟು ಹೊತ್ತು ಹೋರಾಡಿದ್ದು!"

"ನೀವು ಯಾವ ದುಡ್ಡಲ್ಲಿ ಕೂಗಿದ್ರಿ ಅಕ್ಕಾ?" ಎಂದ ಕಲಾವಿದ.

"ನನ್ನ ಹತ್ರ ಎಲ್ಲಿಂದ ಬರ್ಬೇಕಪ್ಪಾ? ಮಧ್ಯಾಹ್ನ ಸಂಬಳ ಬಂತು. ನಿಂದು ಇನ್ನೂ ಹಂಚಿರ್ಲಿಲ್ಲ, ಅದನ್ನೇ ಹಾಕ್ದೆ. ನಿನ್ನ ಸಂಬಳ ಇಸ್ತ್ರಿಯಣ್ಣನದಕ್ಕಿಂತ ಒಂದು ಕೈ ಮೇಲಲ್ವಾ, ಅದಕ್ಕೇ ಗೆದ್ವಿ!" ಅಕ್ಕನ ಮುಖ ಹೆಮ್ಮೆಯಿಂದ ಹೊಳೆಯಿತು. "ಗೂಬೆ ಕಡಿಮೆಗೆ ಹೋಗೋಕೆ ಬಿಡ್ಬೇಡಿ ಅಂದ್ಯಲ್ಲ. ನಾನು ಹೋಗೋಕೇ ಬಿಡ್ಲಿಲ್ಲ. ತಗೋ, ನಿನಗೇ ಕಳಿಸಿದೀನಿ."

ಕಲಾವಿದನ ಫೋನಿನಲ್ಲಿ ಮೂರು ತಲೆಯ ಗೂಬೆ ಮತ್ತೆ ಬಂದು ಕೂತಿತು. ಹೆಂಡತಿ ಬಗ್ಗಿ ನೋಡಿದಳು. ಅಕ್ಕ ಸುಮ್ಮನಿರಬಾರದೇ? ಇವನು ಕಣ್ಸನ್ನೆ ಮಾಡುತ್ತಿದ್ದರೂ ಗೂಬೆಯನ್ನು ಯಾವ ದುಡ್ಡಿನಲ್ಲಿ ಕೊಂಡದ್ದು, ಈಗ ಯಾವ ದುಡ್ಡಿನಲ್ಲಿ ಬಿಡಿಸಿದ್ದು ಎಂದು ಮೊದಲಿನಿಂದ ಕಡೆಯವರೆಗೂ ವಿವರಿಸಿದರು. ಹೆಂಡತಿ ಪೂರ್ತಿ ಕೇಳಿದಳು. ಕಲಾವಿದನಿಗೆ ಬೈಗುಳವಾದರೂ ಬರಬಾರದೇ ಅನ್ನಿಸಿತು.

"ಇದಕ್ಕೆ ಬಟ್ಟೆ ಒಗೆಯೋಕೆ ಬರುತ್ತಾ?" ಎಂದಳು ಕೊನೆಗೆ, ಗೂಬೆಯನ್ನು ತೋರಿಸಿ.

"ಇಲ್ಲ" ಎಂದ ಕಲಾವಿದ.

"ಹಾಗಾದ್ರೆ ಮೆಷಿನ್ ದುಡ್ಡು ಮನೆ ಬಾಡಿಗೆಗೆ, ರೇಷನ್ನಿಗೆ ಆಗುತ್ತೆ." ಅವಳು ಚೀಲ ಹೆಗಲಿಗೇರಿಸಿದಳು. "ನಡೀರಿ ಮನೆಗೆ. ಎರಡು ಬಕೆಟ್ ಬಟ್ಟೆ ನೆನೆಹಾಕಿ ಬಂದಿದೀನಿ. ಇನ್ಮೇಲೆ ಕೈ ನಿಮ್ದು."