ಮುಂಗಡ ನಡಾವಳಿ

ತೊಂದರೆಗೆಲ್ಲ ಮೂಲ ಟಪಾಲು ಜೀಪು. ನಗರಸಭೆಯಿಂದ ಮೇಲಿನ ಕಚೇರಿಗೆ ಅದು ಹೋಗುತ್ತಿದ್ದುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಒಂಬತ್ತಕ್ಕೆ. ಸದಸ್ಯರ ಸಭೆ ಸೇರುತ್ತಿದ್ದುದು ತಿಂಗಳಿಗೊಮ್ಮೆ, ಹನ್ನೊಂದಕ್ಕೆ. ಸಭೆಯಲ್ಲಿ ಏನೇನಾಯಿತೆಂಬ ನಡಾವಳಿ ಅದೇ ದಿನ ಮೇಲಿನ ಕಚೇರಿಗೆ ಮುಟ್ಟಬೇಕೆಂದು ನಿಯಮ. ಇಷ್ಟನ್ನೂ ಒಟ್ಟಿಗೆ ಪಾಲಿಸಲು ಇದ್ದ ದಾರಿ ಒಂದೇ, ನಡಾವಳಿಯನ್ನು ಹಿಂದಿನ ದಿನವೇ ಬರೆದಿಡುವುದು. ಸಭಾ ಗುಮಾಸ್ತರು ಹತ್ತೊಂಬತ್ತು ವರ್ಷಗಳಿಂದ ಹಾಗೇ ಬರೆಯುತ್ತ ಬಂದಿದ್ದರು.

ಇದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಸಭೆ ಹೋಗುತ್ತಿದ್ದುದೇ ಗಾಣದ ಎತ್ತಿನ ಹಾಗೆ, ಹಾಕಿದ ಹೆಜ್ಜೆಯ ಮೇಲೆ ಹೆಜ್ಜೆ. ಅಧ್ಯಕ್ಷೆ ಸ್ವಾಗತಿಸುವರು. ಮೊದಲೆರಡು ವಿಷಯ ಸರ್ವಾನುಮತದಿಂದ ಪಾಸು. ಮೂರನೆಯದನ್ನು ಏಳನೇ ವಾರ್ಡಿನ ಸದಸ್ಯರು ಉಗ್ರವಾಗಿ ವಿರೋಧಿಸುವರು, ವಿಷಯ ಯಾವುದಾದರೂ ಸರಿ. ಇದಕ್ಕೇ ಅವರಿಗೆ ಊರಲ್ಲಿ ವಿರೋಧಣ್ಣನೆಂದು ಹೆಸರು. ಮಾತು ಮುಗಿಸಿ ಸಭಾತ್ಯಾಗ ಮಾಡುವರು, ಚಹಾ ಬಂದಾಗ ಮರಳುವರು. ಉಳಿದದ್ದೆಲ್ಲ ಚರ್ಚೆಯಿಲ್ಲದೆ ಅಂಗೀಕಾರ, ವಂದನಾರ್ಪಣೆಯಾಗಿ ಮಧ್ಯಾಹ್ನ ಒಂದೂ ಹತ್ತಕ್ಕೆ ಮುಕ್ತಾಯ.

ಈ ಸಲದ ಪಟ್ಟಿಯಲ್ಲಿ ಒಂಬತ್ತನೆಯದು ಗುಮಾಸ್ತರ ಸ್ವಂತ ವಿಷಯವಾಗಿತ್ತು. ಮಹಡಿಯ ಮೇಲಿನ ವಾಚನಾಲಯದ ಉಸ್ತುವಾರಿ ನಿವೃತ್ತರಾಗಿದ್ದರು. ಆ ಜಾಗಕ್ಕೆ ತಮ್ಮನ್ನು ಹಾಕಬೇಕೆಂದು ಗುಮಾಸ್ತರು ಎರಡು ವರ್ಷ ಕಂಡವರ ಕೈಕಾಲು ಹಿಡಿದಿದ್ದರು. ವಾಚನಾಲಯಕ್ಕೆ ದಿನಕ್ಕೆ ಐದು ಜನ ಬರುತ್ತಿದ್ದರು, ಅವರಲ್ಲಿ ಮೂವರು ನಿದ್ದೆಗೆ. ಯಾರೂ ಮೇಜು ಕುಟ್ಟುವುದಿಲ್ಲ, ಯಾರೂ ಯಾರನ್ನೂ ಖಂಡಿಸುವುದಿಲ್ಲ. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಅದನ್ನೂ ತಾವೇ ಹಿಂದಿನ ದಿನ ದುಂಡಗೆ ಬರೆದು, ಅಧ್ಯಕ್ಷೆಯ ಸಹಿ ಹಾಕಿಸಿ ಜೀಪಿಗೆ ಕೊಟ್ಟಿದ್ದರು.

ಹತ್ತೂವರೆಗೆ ಅಟೆಂಡರ್ ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ಸಾರ್, ನೀವು ಕಳಿಸಿದ ಜೀಪು ವಾಪಸ್ ಬಂದಿದೆ. ಅದರೊಳಗೆ ದೊಡ್ಡವರೊಬ್ಬರು ಕೂತವ್ರೆ. ನಿಮ್ಮ ಕಾಗದ ಅವರ ಕೈಲಿದೆ."

ಮೇಲಿನ ಕಚೇರಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಅವರು. ಇನ್ನೂ ನಡೆಯದ ಸಭೆಯ ನಡಾವಳಿ ಕೈಗೆ ಸಿಕ್ಕಿದಾಗ, ಸಭೆಯನ್ನೂ ನೋಡಿಬಿಡೋಣವೆಂದು ಅದೇ ಜೀಪು ಹತ್ತಿದ್ದರು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಕಾಗದ ಬಿಡಿಸಿಟ್ಟುಕೊಂಡು, ಪೆನ್ಸಿಲು ಚೂಪು ಮಾಡತೊಡಗಿದರು.

ಕಾಗದಕ್ಕೂ ಸಭೆಗೂ ಒಂದು ಕೂದಲಿನಷ್ಟು ವ್ಯತ್ಯಾಸ ಬಂದರೂ ವಾಚನಾಲಯ ಹಾಗಿರಲಿ, ಇರುವ ಕುರ್ಚಿಯೂ ಹೋಗುತ್ತದೆ. ಗುಮಾಸ್ತರು ಓಡಿಹೋಗಿ ಅಧ್ಯಕ್ಷೆಗೆ ಸಂಗತಿ ತಿಳಿಸಿದರು. ಆಕೆ ಗಾಬರಿಯಾಗಲಿಲ್ಲ. "ನಾನು ನಿನ್ನೇನೇ ಸಹಿ ಹಾಕಿದ್ದೀನಲ್ರೀ ಗುಮಾಸ್ತರೇ. ಇವತ್ತು ನಾನು ಏನೇನ್ ಹೇಳ್ದೆ ಅಂತ ಸ್ವಲ್ಪ ನೋಡಿ ಹೇಳ್ರೀ" ಎಂದು ಕನ್ನಡಕ ಹುಡುಕಿದರು. ಆಕೆಗೊಂದು ಪ್ರತಿ ಕೊಟ್ಟು ಹೊರಬರುವಷ್ಟರಲ್ಲಿ ಮೆಟ್ಟಿಲ ಬಳಿ ವಿರೋಧಣ್ಣ ಸಿಕ್ಕಿದರು. ಬಲಗೆನ್ನೆ ಬನ್ನಿನಂತೆ ಉಬ್ಬಿತ್ತು, ಬಾಯಿ ತುಂಬ ಹತ್ತಿ. ಬೆಳಿಗ್ಗೆ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದರು.

ಈ ಸಲದ ಮೂರನೆಯದಾದ ಚರಂಡಿ ಚಪ್ಪಡಿಯ ವಿಷಯದಲ್ಲಿ ಈ ಮನುಷ್ಯ ಇಪ್ಪತ್ತು ನಿಮಿಷ ನಿರರ್ಗಳವಾಗಿ ಮಾತಾಡಿದ್ದಾರೆಂದು ಕಾಗದದಲ್ಲಿತ್ತು. ಮಾತಾಡಿ ಅಣ್ಣಾ, ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ ಎಂದು ಗುಮಾಸ್ತರು ಗೋಗರೆದರು. ವಿರೋಧಣ್ಣ ಜೇಬಿನಿಂದ ಚೀಟಿ ತೆಗೆದು ಬರೆದು ತೋರಿಸಿದರು: 'ಇವತ್ತು ನನ್ನ ಬೆಂಬಲ ಇದೆ.'

"ಬೆಂಬಲ ಗಿಂಬಲ ಅಂದ್ರೆ ನಾನು ಸತ್ತೆ ಅಣ್ಣಾ. ನೀವು ಬರೀ ಎದ್ದು ನಿಂತು ಕೈ ಬೀಸಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಸಭೆ ಶುರುವಾಯಿತು. ಎರಡು ವಿಷಯ ದಾಟಿತು, ಹಿಂದಿನ ಸಾಲಿನಲ್ಲಿ ಎರಡು ಸಲ ಪೆನ್ಸಿಲು ಸರಕ್ಕೆಂದಿತು. ಮೂರನೆಯದಕ್ಕೆ ವಿರೋಧಣ್ಣ ಎದ್ದು, ನೊಣ ಓಡಿಸುವವರಂತೆ ಕೈ ಬೀಸಿ "ಊಂ, ಊಂ" ಎಂದರು. ಮಾನ್ಯ ಸದಸ್ಯರಿಗೆ ಬಾಯಿನೋವಿರುವುದರಿಂದ ಅವರ ಭಾವನೆಯನ್ನು ತಾವು ಸಭೆಗೆ ತಿಳಿಸುವುದಾಗಿ ಹೇಳಿ ಗುಮಾಸ್ತರು ಬಾಯಿ ತೆರೆದರು. ಹತ್ತೊಂಬತ್ತು ವರ್ಷ ತಾವೇ ಬರೆದ ವಿರೋಧ, ಎಲ್ಲ ಬಾಯಿಪಾಠ. ಚಪ್ಪಡಿಯ ದಪ್ಪ, ಇಂಜಿನಿಯರ ನಿದ್ದೆ, ಏಳನೇ ವಾರ್ಡಿಗೆ ಆದ ಮಲತಾಯಿ ಧೋರಣೆ, ಒಂದನ್ನೂ ಬಿಡಲಿಲ್ಲ. ಮುಗಿಸಿದಾಗ ನಾಲ್ಕು ಜನ ಚಪ್ಪಾಳೆ ತಟ್ಟಿದರು. ವಿರೋಧಣ್ಣನಿಗೆ ಯಾವತ್ತೂ ಚಪ್ಪಾಳೆ ಬಿದ್ದಿರಲಿಲ್ಲ. ಅವರು ಗುಮಾಸ್ತರನ್ನು ದುರುದುರು ನೋಡಿ ನಿಜವಾದ ಕೋಪದಿಂದಲೇ ಸಭಾತ್ಯಾಗ ಮಾಡಿದರು.

ಆ ಕೋಪ ಚಹಾ ಬಂದರೂ ಇಳಿಯಲಿಲ್ಲ. ಅವರು ನೇರ ಮನೆಯ ದಾರಿ ಹಿಡಿದಿದ್ದರು. 'ಚಹಾ ವೇಳೆಗೆ ಸದಸ್ಯರು ಮರಳಿದರು' ಎಂಬ ಸಾಲಿನ ಮೇಲೆ ಪೆನ್ಸಿಲು ಕೊಕ್ಕರೆಯಂತೆ ಕಾದು ನಿಂತಿತು. ಅಟೆಂಡರ್ ಅಕ್ಕ ಚಪ್ಪಲಿ ಕೂಡ ಹಾಕದೆ ಬೀದಿಗೆ ಓಡಿ, ನೀವಿಲ್ಲದಿದ್ದರೆ ನಿಮ್ಮ ವಿರೋಧವನ್ನೆಲ್ಲ ಗುಮಾಸ್ತರೇ ಮಾಡಿಬಿಡ್ತಾರೆ ಅಂತ ಹೆದರಿಸಿ ಕರೆತಂದಳು. ಕೊನೆಯ ಕಪ್ಪು ಸುರಿಯುವಾಗ ಉಬ್ಬಿದ ಕೆನ್ನೆ ಬಾಗಿಲಲ್ಲಿ ಕಾಣಿಸಿತು. ಸರಕ್.

ಆ ಗಡಿಬಿಡಿಯಲ್ಲೇ ಗುಮಾಸ್ತರ ಹೆಂಡತಿಯ ಫೋನು. "ಏನ್ರೀ, ಒಂಬತ್ತನೇದು ಆಯ್ತಾ? ನಾನು ಆಗಲೇ ಊರಲ್ಲಿರೋ ನಮ್ಮಕ್ಕಂಗೆ ಹೇಳ್ಬಿಟ್ಟೆ." ಇನ್ನೂ ನಾಲ್ಕಕ್ಕೆ ಬಂದಿಲ್ಲ ಎಂದರು. "ಅಯ್ಯೋ, ನೀವು ನಿನ್ನೇನೇ ಆಯ್ತು ಅಂದ್ರಲ್ಲ" ಎಂದಳು ಆಕೆ.

ಮುಂದಿನ ಕಷ್ಟವನ್ನು ಗುಮಾಸ್ತರು ಕನಸಿನಲ್ಲೂ ನೆನೆದಿರಲಿಲ್ಲ. ದೊಡ್ಡವರೊಬ್ಬರು ಹಿಂದೆ ಕೂತಿದ್ದಾರೆಂದ ಮೇಲೆ ಸದಸ್ಯರಿಗೆಲ್ಲ ಒಮ್ಮೆಲೇ ಜನಸೇವೆ ನೆನಪಾಗಿತ್ತು. ಮೂರು ವರ್ಷ ಕಿಟಕಿಯಾಚೆ ನೋಡುತ್ತ ಕೂತಿದ್ದ ಎರಡನೇ ವಾರ್ಡಿನ ನಿವೃತ್ತ ಟೀಚರು ನೀರು ಬಿಡುವ ವೇಳೆಯ ಬಗ್ಗೆ ಒಂದು ಪ್ರಶ್ನೆ ಕೇಳುವುದಿದೆ ಎಂದರು. ಅವರ ಹಿಂದೆಯೇ ಐದು ಕೈ ಎದ್ದವು. ಕಾಗದದಲ್ಲಿ ಇದ್ದದ್ದು 'ಚರ್ಚೆಯಿಲ್ಲದೆ'. ಗುಮಾಸ್ತರು ಬೆಂಚಿನಿಂದ ಬೆಂಚಿಗೆ ಬಾಗಿ ಕಿವಿಯಲ್ಲಿ ಉಸುರಿದರು: "ಕೇಳಿ, ಅಡ್ಡಿಯಿಲ್ಲ. ಪ್ರಶ್ನೆ ಕೇಳೋರು ಮೂರು ಪ್ರತೀಲಿ ಬರೆದು, ಯಾಕೆ ಕೇಳ್ತಿದೀರಿ ಅಂತ ಕಾರಣ ಕೊಟ್ಟು ಸಹಿ ಹಾಕ್ಬೇಕಂತೆ." ಎದ್ದ ಕೈಗಳು ಒಂದೊಂದಾಗಿ ತಲೆ ಕೆರೆದುಕೊಂಡು ಕೆಳಗಿಳಿದವು. ಟೀಚರು ಮತ್ತೆ ಕಿಟಕಿಯತ್ತ ತಿರುಗಿದರು.

ಆಮೇಲೆ ಗಾಡಿ ಇಳಿಜಾರಿಗೆ ಬಿತ್ತು. ನಾಲ್ಕು, ಐದು, ಆರು, ಏಳು, ಎಂಟು. ಒಂಬತ್ತನೆಯದನ್ನು ಅಧ್ಯಕ್ಷೆ ಓದಿದರು. ಎಲ್ಲರೂ ಮೇಜು ಕುಟ್ಟಿದರು. ಗುಮಾಸ್ತರಿಗೆ ಆ ಸದ್ದು ಜೀವನದಲ್ಲಿ ಮೊದಲ ಸಲ ಹಿತವಾಗಿ ಕೇಳಿಸಿತು.

ಆದರೆ ಗಡಿಯಾರದಲ್ಲಿ ಇನ್ನೂ ಹನ್ನೆರಡು ನಲವತ್ತು. ಕಾಗದದ ಸಭೆ ಮುಗಿಯಲು ಅರ್ಧ ಗಂಟೆ ಬಾಕಿ. ಗುಮಾಸ್ತರು ಅಧ್ಯಕ್ಷೆಯತ್ತ ನೋಡಿ ರಬ್ಬರು ಎಳೆಯುವಂತೆ ಎರಡು ಕೈ ಅಗಲಿಸಿದರು. ಆಕೆಗೆ ಅರ್ಥವಾಯಿತು. ಸದಸ್ಯರನ್ನು ವಂದಿಸಿದರು, ಅವರ ಮನೆಯವರನ್ನು ವಂದಿಸಿದರು. ಜೀಪಿನ ಚಾಲಕ, ಚಹಾ ಮಾಡಿದವರು, ಸಭಾಂಗಣಕ್ಕೆ ಸುಣ್ಣ ಹೊಡೆದವರು, ಅದನ್ನು ಹಿಂದಿನ ಅವಧಿಯಲ್ಲಿ ಮಂಜೂರು ಮಾಡಿದವರು ಯಾರನ್ನೂ ಬಿಡಲಿಲ್ಲ. ಒಂದೂ ಹತ್ತಕ್ಕೆ ಕುಳಿತಾಗ ಆಕೆಯ ಗಂಟಲು ಬಿದ್ದುಹೋಗಿತ್ತು. ಪೆನ್ಸಿಲು ಕಡೆಯ ಸಾಲಿಗೆ ಗುರುತು ಹಾಕಿತು.

ಅಧಿಕಾರಿ ಎದ್ದು ಮುಂದೆ ಬಂದರು. ಇದನ್ನು ಯಾವಾಗ ಬರೆದಿರಿ ಎಂದು ಮೆಲ್ಲಗೆ ಕೇಳಿದರು. ಗುಮಾಸ್ತರಿಗೆ ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ನಿನ್ನೆ ಮಧ್ಯಾಹ್ನ ಸಾರ್" ಎಂದು ತಲೆ ತಗ್ಗಿಸಿದರು.

"ಗೊತ್ತು. ಹದಿನಾರು ಊರಿನ ನಡಾವಳಿ ನನ್ನ ಮೇಜಿಗೆ ಬರುತ್ತೆ. ಹದಿನಾರೂ ಸಭೆಗೆ ಮುಂಚೇನೇ ಬರುತ್ತೆ. ಜೀಪು ಎಷ್ಟೊತ್ತಿಗೆ ಹೊರಡುತ್ತೆ ಅಂತ ನನಗೆ ತಿಳಿಯಲ್ವೇ?" ಅವರು ಕಾಗದವನ್ನು ಪ್ರೀತಿಯಿಂದ ಸವರಿದರು. "ಆದ್ರೆ ಬರೆದ ಹಾಗೇ ಸಭೆ ನಡೆಸಿದವರನ್ನ ನಾನು ನೋಡಿದ್ದು ಇವತ್ತೇ. ಒಂದು ನಿಮಿಷ ಆಚೆ ಈಚೆ ಇಲ್ಲ."

ಗುಮಾಸ್ತರ ಎದೆ ಹಗುರಾಯಿತು. ತಲೆ ಎತ್ತಿ ಸಣ್ಣಗೆ ನಕ್ಕರು ಕೂಡ. ಅಧಿಕಾರಿ ಆಗಲೇ ಅಧ್ಯಕ್ಷೆಯತ್ತ ತಿರುಗಿದ್ದರು.

"ಇಂಥವರನ್ನ ವಾಚನಾಲಯದಲ್ಲಿ ಪೇಪರ್ ಮಡಚೋಕೆ ಕಳಿಸ್ತೀರಾ ಮೇಡಂ? ಮುಂದಿನ ತಿಂಗಳಿಂದ ಪಕ್ಕದ ಎರಡು ಊರಿನ ಸಭೇನೂ ಇವರೇ ನಡೆಸ್ಲಿ. ಆದೇಶ ನಾನು ಕೊಡ್ತೀನಿ."

ಗಂಟಲು ಬಿದ್ದಿದ್ದ ಅಧ್ಯಕ್ಷೆ ತಲೆಯಾಡಿಸಿದರು. ಸದಸ್ಯರೆಲ್ಲ ಮೇಜು ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಎರಡು ಕೈಯಲ್ಲೂ ಕುಟ್ಟಿದವರು ವಿರೋಧಣ್ಣ.

ಅಧಿಕಾರಿ ಕಾಗದ, ಪೆನ್ನು ಮುಂದೆ ಹಿಡಿದು, ಒಂಬತ್ತನೆಯದೊಂದನ್ನು ತಿದ್ದಿಕೊಡಿ ಎಂದರು. ಗುಮಾಸ್ತರು ನಿಂತಲ್ಲೇ ಮೇಜಿಗೆ ಬಾಗಿ, ದುಂಡಗಿನ ಆ ಸಾಲನ್ನು ಹೊಡೆದುಹಾಕಿ, 'ವಿಷಯವನ್ನು ಸರ್ವಾನುಮತದಿಂದ ಕೈಬಿಡಲಾಯಿತು' ಎಂದು ಬರೆದರು. ಹತ್ತೊಂಬತ್ತು ವರ್ಷಗಳಲ್ಲಿ, ನಡೆದ ಮೇಲೆ ಅವರು ಬರೆದ ಮೊದಲ ಸಾಲು ಅದು. ಅಭ್ಯಾಸವಿಲ್ಲದ್ದರಿಂದ ಎರಡು ಕಡೆ ಚಿತ್ತಾಯಿತು.