ಮೋರಿ ಹತ್ತುವ ಮೀನುಗಳ ಸನ್ನಿಧಿಗೆ

ಮಾನ್ಯರೇ,

ನಮ್ಮೂರ ತೋಡಿನಲ್ಲಿ ತಲೆತಲಾಂತರದಿಂದ ವಾಸವಾಗಿದ್ದು, ಮುಂಗಾರಿನ ಕೆಂಪು ನೀರು ಇಳಿದುಬಂದ ಕೂಡಲೇ ಅದಕ್ಕೆ ಎದುರಾಗಿ ಈಜಿ ಗದ್ದೆಗಳಿಗೆ ಬಿಜಯಂಗೈಯುವ ತಮಗೆ, ಹುದಿಕೇರಿಯ ಸಮೀಪದ ಈ ಹಳ್ಳಿಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾಗಿರುವ ವೇದಾವತಿಯ ಸವಿನಯ ವಂದನೆಗಳು. ನಾನು ಅರ್ಚಕರ ಮನೆಯ ಮಗಳಾದ್ದರಿಂದ ಊಟದ ಎಲೆಯ ಮೇಲೆ ತಮ್ಮ ಪರಿಚಯವಾಗುವ ಸಂದರ್ಭ ಒದಗಿಲ್ಲ. ಆದಕಾರಣ ತಮಗೆ ಪತ್ರ ಬರೆಯುವ ನೈತಿಕ ಅರ್ಹತೆಯುಳ್ಳ, ಈ ಊರಿನ ಕೆಲವೇ ಮಂದಿಯಲ್ಲಿ ನಾನೂ ಒಬ್ಬಳೆಂದು ಭಾವಿಸಿದ್ದೇನೆ.

ತಾವು ಬಲ್ಲಂತೆ, ಹಿಂದೆ ತೋಡನ್ನು ದಾಟಲು ಮರದ ಸಂಕವೊಂದೇ ಇತ್ತು. ಮಳೆಗಾಲದಲ್ಲಿ ರಸ್ತೆ ಮುಳುಗಿ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತಿದ್ದುದರಿಂದ, ಕೊಡಗು ರಾಜ್ಯಕ್ಕೆ ಚುನಾವಣೆಯಾಗಿ ನಾವೇ ಆರಿಸಿದ ಸರ್ಕಾರ ಬಂದ ಮೇಲೆ, ರಸ್ತೆಯನ್ನು ಎತ್ತರಿಸಿ, ಅದರ ಅಡಿಯಲ್ಲಿ ನೀರು ಸರಾಗವಾಗಿ ಹರಿದುಹೋಗಲೆಂದು ಮೂರು ಸಿಮೆಂಟು ಕೊಳವೆಗಳ ಮೋರಿಯನ್ನು ಕಟ್ಟಲಾಯಿತು. ಓವರ್‌ಸಿಯರ್ ಸಾಹೇಬರು ಟೇಪು ಕತ್ತರಿಸಿ, ಇನ್ನು ಮುಂದೆ ಈ ಗ್ರಾಮಕ್ಕೆ ಪ್ರವಾಹದ ಭಯವಿಲ್ಲವೆಂದು ಭಾಷಣ ಮಾಡಿದರು. ವಾಕ್ಯ ವ್ಯಾಕರಣಬದ್ಧವಾಗಿತ್ತು, ಆ ದಿನದಿಂದ ನನಗೆ ಉಳಿದಿರುವ ಸಮಾಧಾನ ಅದೊಂದೇ.

ಏಕೆಂದರೆ, ಭಾಷಣ ನಡೆಯುತ್ತಿದ್ದಷ್ಟು ಹೊತ್ತೂ ಊರಿನ ಗಂಡಸರು ಕೊಳವೆಗಳ ಬಾಯಿಗೆ ಗೇಣು ಹಾಕಿ ಅಳೆಯುತ್ತಿದ್ದರು. ತಾವು ಹತ್ತುವ ಹಾದಿಗೆ ಕೂಳಿ ಎಂಬ ಬಿದಿರಿನ ಬುಟ್ಟಿಯನ್ನು ಒಡ್ಡಿ ಹಿಡಿಯುವುದು ಇಲ್ಲಿಯ ಹಳೆಯ ರೂಢಿಯಷ್ಟೆ. ಅಗಲವಾದ ತೋಡಿನಲ್ಲಿ ಅದಕ್ಕಾಗಿ ಕಲ್ಲು ಜೋಡಿಸಿ, ನೀರು ತಿರುಗಿಸಿ, ಚಳಿಯಲ್ಲಿ ನಡುಗುತ್ತ ನಿಲ್ಲಬೇಕಾಗಿತ್ತು. ಇಡೀ ತೋಡನ್ನೇ ಮೂರು ದುಂಡು ಬಾಯಿಗಳಿಗೆ ಇಳಿಸಿಕೊಟ್ಟ ಸರ್ಕಾರದ ಔದಾರ್ಯಕ್ಕೆ ಅವರು ಮನಸೋತು, ಹೋದ ವರ್ಷ ಮೊದಲ ಮಳೆ ಬಿದ್ದ ದಿನವೇ, ಅಳತೆಗೆ ಸರಿಯಾಗಿ ಹೆಣೆದ ಕೂಳಿಗಳನ್ನು ಮೂರಕ್ಕೂ ಬಿರಡೆಯಂತೆ ಬಿಗಿದರು. ಮೇಲಿನ ಕಾಫಿ ತೋಟಗಳಿಂದ ತೇಲಿಬಂದ ತರಗೆಲೆ, ಕಡ್ಡಿಗಳೆಲ್ಲ ಬಂದು ಬುಟ್ಟಿಗಳಿಗೆ ಒತ್ತಿಕೊಂಡವು; ಎತ್ತರಿಸಿದ ರಸ್ತೆ ಅಣೆಕಟ್ಟಾಯಿತು; ಹಿಂದೆ ಮೊಣಕಾಲುದ್ದ ಬರುತ್ತಿದ್ದ ನೀರು ಸೊಂಟದುದ್ದ ಬಂದಿತು. ಮೋರಿಯ ಉದ್ದೇಶವನ್ನು ವಿವರಿಸಹೊರಟ ನನಗೆ, ಒಂದು ಕಾಲದಲ್ಲಿ ನನ್ನ ಶಿಷ್ಯನಾಗಿದ್ದ ಕುಟ್ಟಪ್ಪನು, "ಅಲ್ಲ ಟೀಚರೇ, ನೀವು ಮೀನು ತಿನ್ನೋರಲ್ಲ. ಮೋರಿ ಯಾಕೆ ಕಟ್ಟಿದ್ದು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?" ಎಂದು ಪಾಠ ಹೇಳಿದನು.

ಮೋರಿಗೆ ತುಸು ಮೇಲೆ, ತಗ್ಗಿನಲ್ಲಿ, ಹಾಸನದ ಕಡೆಯಿಂದ ಬಂದು ನೆಲೆಸಿದ ಲಿಂಗಮ್ಮನೆಂಬ ಒಂಟಿ ಹೆಂಗಸಿನ ಮಣ್ಣುಗೋಡೆಯ ಮನೆಯಿದೆ. ನೀರು ಒಳಹೊಕ್ಕ ಸುದ್ದಿ ತಿಳಿದು, ನಾನು ನೆರಿಗೆ ಎತ್ತಿ ಕಟ್ಟಿ, ಸಾಂತ್ವನದ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತ ಅಲ್ಲಿಗೆ ಹೋದೆ. ಆಕೆ ರುಬ್ಬುಗಲ್ಲಿನ ಮೇಲೆ ನಿಂತು ಅಡಿಗೆಮನೆಯ ನೀರಿನಲ್ಲಿ ಜರಡಿ ಆಡಿಸುತ್ತಿದ್ದಳು. "ಟೀಚರಮ್ಮ, ಆ ತಪ್ಲೆ ಇತ್ಲಾಗೆ ಕೊಡಿ, ಅಯ್ಯೋ ಪಾಪ ಅನ್ನೋದು ಆಮ್ಯಾಕೆ ಅನ್ನೀರಂತೆ. ಒಂದು ಒಲೆಯೊಳಕ್ಕೇ ಹೋಗ್ಬುಟ್ಟದೆ!" ಎಂದಳು. ಕೂಳಿಯಿಂದ ತಪ್ಪಿಸಿಕೊಂಡ ತಮ್ಮ ಬಂಧುಗಳಲ್ಲೊಬ್ಬರು ಆಶ್ರಯಕ್ಕಾಗಿ ಒಲೆಯನ್ನೇ ಆರಿಸಿಕೊಂಡಿದ್ದರು. ಮುಂದೆ ಆಗಲಿರುವುದನ್ನು ಇಷ್ಟು ಮುಂಚಿತವಾಗಿ ಊಹಿಸಿ ಸ್ಥಳ ಹಿಡಿದವರನ್ನು ನಾನು ಸರ್ಕಾರಿ ಕಚೇರಿಗಳಲ್ಲಿಯೂ ಕಂಡಿಲ್ಲ. ತಪ್ಪಲೆಯನ್ನು ಕೊಟ್ಟವಳು ನಾನೇ ಎಂಬುದನ್ನು ವಿಷಾದದಿಂದ ತಮ್ಮ ಗಮನಕ್ಕೆ ತರುತ್ತೇನೆ. ಅದೇ ಸಂಜೆ ಮನೆಯ ಹಿಂಗೋಡೆ ಅರ್ಧ ಕುಸಿಯಿತು. ಆಕೆ ಅದನ್ನು ನೋಡಿ, "ಇನ್ನರ್ಧನೂ ಬಿದ್ರೆ ಬೇಯ್ಸೋಕೆ ಒಲೆ ಎಲ್ಲಿಂದ ತರ್ಲಿ?" ಎಂದಳು. 

ನೀರಿಳಿದ ಮೇಲೆ ಪರಿಶೀಲನೆಗೆ ದಯಮಾಡಿಸಿದ ಓವರ್‌ಸಿಯರ್ ಸಾಹೇಬರಿಗೆ ಕುಟ್ಟಪ್ಪನ ಮನೆಯಲ್ಲಿ ಅಕ್ಕಿ ಉಂಡೆಯ ಕಡಂಬುಟ್ಟು ಮತ್ತು ತಮ್ಮ ಸಾರಿನ ಊಟವಾಯಿತು. ಬಡಿಸಿದ ಅವನ ಹೆಂಡತಿ ತಂಗಮ್ಮ ಹೇಳುವಂತೆ, ಸಾಹೇಬರು ಮೂರನೆಯ ಸಲವೂ ಬೇಡವೆನ್ನಲಿಲ್ಲ. ಕೊಳವೆಗಳು ನಿರೀಕ್ಷೆಗೂ ಮೀರಿ ಫಲ ನೀಡುತ್ತಿವೆಯೆಂದು ಅವರು ವರದಿ ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲವಾದ್ದರಿಂದ ನಾನು ಆಕ್ಷೇಪಿಸಲಾರದೆ ಹೋದೆ.

ಹೀಗೆ ಮನುಷ್ಯರಿಗೆ ಹೇಳಿ ಸಾಕಾಗಿ, ಈಗ ತಮ್ಮ ಪಾದಗಳನ್ನೇ ಹಿಡಿದಿದ್ದೇನೆ. ತಮಗೆ ಪಾದಗಳಿಲ್ಲವೆಂದು ಬಲ್ಲೆನಾದರೂ ಪತ್ರದ ಶಿಷ್ಟಾಚಾರವನ್ನು ಬಿಡುವಂತಿಲ್ಲ. ಮಳೆ ಜೋರಾಗಿರುವ ಕಕ್ಕಡ ಮಾಸ ಕಳೆಯುವವರೆಗೆ ತಾವು ಕೆಳಗಿನ ಮಡುವಿನಲ್ಲಿಯೇ ತಂಗಿದ್ದು ಗದ್ದೆಯ ಪ್ರವಾಸವನ್ನು ಮುಂದೂಡಬಹುದಲ್ಲವೇ? ಅದು ವಂಶಪಾರಂಪರ್ಯಕ್ಕೆ ವಿರುದ್ಧವಾದರೆ, ಮೋರಿಯ ಗೊಡವೆಗೆ ಹೋಗದೆ ರಸ್ತೆಯ ದಿಬ್ಬವನ್ನೇ ಹತ್ತಿ, ನನ್ನ ಶಾಲೆಯ ಮಕ್ಕಳಂತೆ ಒಬ್ಬರ ಹಿಂದೊಬ್ಬರು, ಗಲಾಟೆಯಿಲ್ಲದೆ, ಆ ಬದಿಗೆ ದಾಟಬಹುದು. ಗೋಣಿಕೊಪ್ಪಲಿನ ಬಸ್ಸು ಬಂದರೆ ಕೊಡೆ ಅಡ್ಡ ಹಿಡಿದು ನಿಲ್ಲಿಸುವ ಹೊಣೆ ನನ್ನದು. ಇವೆರಡೂ ಆಗದಿದ್ದಲ್ಲಿ, ಈ ಒಂದು ಮಳೆಗಾಲದ ಮಟ್ಟಿಗೆ ಹಾಗಲಕಾಯಿಯಂತೆ ಕಹಿಯಾಗಿರಲು ತಾವು ಮನಸ್ಸು ಮಾಡಿದರೆ, ಸರ್ಕಾರದ ಸಮಸ್ತ ಸಿಮೆಂಟಿನಿಂದಲೂ ಆಗದ ಪ್ರವಾಹ ನಿವಾರಣೆ ತಮ್ಮ ರುಚಿಯೊಂದರಿಂದ ಆದೀತು.

ಕಳೆದ ಭಾನುವಾರ ಶಾಲೆಯ ಜಗಲಿಯಲ್ಲಿ ಊರ ಸಭೆ ಕೂಡಿತ್ತು. ಮೂರೂ ಕೂಳಿಗಳನ್ನು ತೆಗೆಯಬೇಕೆಂದು ನಾನು ಹೇಳಿದಾಗ, ನನ್ನ ತಲೆ ಕೆಟ್ಟಿತೇ ಎಂಬ ಕನಿಕರ ಎಲ್ಲರ ಮುಖದಲ್ಲಿಯೂ ಕಂಡಿತು. ಎರಡು ಕೊಳವೆಗಳನ್ನು ನೀರಿಗೆ ಬಿಟ್ಟು ಒಂದನ್ನು ಮೀನಿಗೆ ಇಟ್ಟುಕೊಳ್ಳೋಣವೆಂದಾಗ, ಆ ಒಂದು ಯಾರದೆಂಬ ಜಗಳವೆದ್ದಿತು. ಕೊನೆಗೆ ಲಿಂಗಮ್ಮ ಎದ್ದು ನಿಂತು, "ಅದ ನಂಗೆ ಬುಡಿ. ನೀರು ನಮ್ಮನೆ ಮೆಟ್ಲು ಮುಟ್ತು ಅನ್ನೋವಾಗ ಕೂಳಿ ಕಿತ್ತು ಬಿಸಾಕ್ತೀನಿ. ನೀವ್ಯಾರಾದ್ರೂ ಕೀಳೀರೇನ್ರಪ್ಪ?" ಎಂದು ಕೇಳಿದಳು.  ಮುಳುಗುವ ಮನೆಯವರಿಗೇ ಮೀನು ಎಂದು ನಿರ್ಣಯವಾಯಿತು. ಕುಟ್ಟಪ್ಪನು ಮಾತ್ರ, ಉಳಿದೆರಡು ಕೊಳವೆಗಳಲ್ಲಿ ಮೀನಿನ ಬಾಲ ಕಂಡರೆ ತನ್ನ ಕೂಳಿ ಪುನಃ ಬರುವುದೆಂದು ಷರತ್ತು ಹಾಕಿದನು.

ಆದ್ದರಿಂದ ಮೇಲಿನ ಪ್ರಾರ್ಥನೆಗಳನ್ನೆಲ್ಲ ಹಿಂತೆಗೆದುಕೊಂಡು, ಒಂದನ್ನೇ ಮುಂದಿಡುತ್ತೇನೆ. ಮೋಡ ಆಗಲೇ ಬ್ರಹ್ಮಗಿರಿಯ ಮೇಲೆ ಇಳಿದಿದೆ. ಲಿಂಗಮ್ಮನ ಗೋಡೆಯ ಇನ್ನರ್ಧ ಹಸಿ ಮಣ್ಣಿನ ತೇಪೆಯ ಮೇಲೆ ನಿಂತಿದೆ. ತಾವು ಹತ್ತುವುದೇ ನಿಶ್ಚಯವಾದರೆ, ದಯವಿಟ್ಟು ಎಡಗಡೆಯ ಕೊಳವೆಯಿಂದಲೇ ಹತ್ತಿರಿ. ಅದು ಲಿಂಗಮ್ಮನದು. ಅಲ್ಲಿ ತಮಗಾಗುವ ತೊಂದರೆಗೆ ಈ ಊರಿನ ಪರವಾಗಿ, ಸಸ್ಯಾಹಾರಿಯಾದ ನಾನು ಮುಂಗಡವಾಗಿ ಕ್ಷಮೆ ಬೇಡುತ್ತೇನೆ.

ಮೋರಿಯ ಮೇಲಿನಿಂದ ಇದರ ಒಂದು ಪ್ರತಿಯನ್ನು ತೇಲಿಬಿಟ್ಟು, ಉತ್ತರಕ್ಕಾಗಿ ನೀರನ್ನೇ ನೋಡುತ್ತಿರುವ,

ತಮ್ಮ ವಿಶ್ವಾಸಿ,
ವೇದಾವತಿ
ನಿವೃತ್ತ ಮುಖ್ಯೋಪಾಧ್ಯಾಯಿನಿ

ಮರೆತ ಮಾತು: ಗುಡ್ಡದ ನೆತ್ತಿಯ ಮೇಲಿರುವ ಪೊನ್ನಪ್ಪನವರು ತಮ್ಮ ಮನೆಯೂ ಪ್ರವಾಹಕ್ಕೆ ತುತ್ತಾಗಿದೆಯೆಂದೂ, ಕೊಳವೆಯಲ್ಲಿ ತಮಗೂ ಪಾಲು ಸಲ್ಲಬೇಕೆಂದೂ ಇಂದು ಬೆಳಿಗ್ಗೆ ಹೇಳಿಕಳುಹಿಸಿದ್ದರು. ಏದುಸಿರು ಬಿಡುತ್ತ ಹತ್ತಿ ಹೋಗಿ ನೋಡಿದೆ. ಅಂಗಳದಲ್ಲಿ ನೀರು ನಿಂತಿದ್ದುದು ನಿಜ. ಮಳೆ ಇನ್ನೂ ಬಂದಿಲ್ಲ. ಬಾವಿಯ ಹಗ್ಗ ಮಾತ್ರ ಒದ್ದೆಯಾಗಿತ್ತು.