ಓಬಳೇಶ್ ಮೇಷ್ಟ್ರು ನಂಬದ ರಜೆ

ಬೆಳಗ್ಗೆ ಆರು ಗಂಟೆಯೊಳಗೆ ಓಬಳೇಶ್ ಮೇಷ್ಟ್ರ ಫೋನಿಗೆ ಒಂದೇ ರಜೆ ಹದಿನೇಳು ಸಲ ಬಂದಿತ್ತು. ಶಿಕ್ಷಕರ ಗ್ರೂಪಿನಲ್ಲಿ ಬಂತು, ಊರ ಗ್ರೂಪಿನಲ್ಲಿ ಬಂತು, ಹಾಲಿನ ಡೇರಿ ಗ್ರೂಪನ್ನೂ ಬಿಡಲಿಲ್ಲ. ‘ವಾಯುಭಾರ ಕುಸಿತದಿಂದ ಭಾರಿ ಮಳೆಯಾಗುವ ಸಂಭವವಿದ್ದು, ಇಂದು ಎಲ್ಲ ಶಾಲೆಗಳಿಗೆ ರಜೆ ಘೋಷಿಸಲಾಗಿದೆ.’ ಕೆಳಗೆ ದುಂಡನೆಯ ಮೊಹರು, ಹಸಿರು ಇಂಕಿನ ಸಹಿ. ಮೇಷ್ಟ್ರು ಬಾಡಿಗೆ ರೂಮಿನ ಬಾಗಿಲು ತೆಗೆದು ನೋಡಿದರು. ಮತ್ತೋಡು ಊರಿನ ಮೇಲೆ ಒಂದು ತುಂಡು ಮೋಡವೂ ಇರಲಿಲ್ಲ.

ಮೋಡದ ಮಾತು ಹಂಗಿರಲಿ. ಹೋದ ವರ್ಷ ಇಂಥದ್ದೇ ಒಂದು ಫೋಟೋ ನಂಬಿ, ಶಾಲೆಗೆ ಬೀಗ ಜಡಿದು ಹೊಳಲ್ಕೆರೆ ಬಸ್ಸು ಹತ್ತಿದ್ದ ತಪ್ಪಿಗೆ ಮೇಷ್ಟ್ರಿಗೆ ನೋಟಿಸ್ ಬಿದ್ದಿತ್ತು. ಹೊಳಲ್ಕೆರೆಯಲ್ಲಿ ಹೆಂಡತಿ ಅನುಸೂಯ ನರ್ಸು. ಮಗಳು ಬಿಂದುಗೆ ಐದು ವರ್ಷ. ಅಪ್ಪ ಅಂದರೆ ಭಾನುವಾರ ಬಂದು ಹೋಗುವವನು ಅಂತಲೇ ತಿಳಿದಿರುವ ಕೂಸು. ಆರು ವರ್ಷದಿಂದ ಕೇಳಿ ಕೇಳಿ ಸಾಕಾಗಿದ್ದ ವರ್ಗಾವಣೆ ಮುಂದಿನ ತಿಂಗಳು ಆಗುವುದಿತ್ತು. “ಇನ್ನೊಂದು ನೋಟಿಸ್ ಬಿತ್ತು ಅಂದ್ರೆ ಹೊಳಲ್ಕೆರೆ ಆಸೆ ಬಿಟ್ಬಿಡ್ರಿ” ಎಂದು ಶಿಕ್ಷಣ ಕಚೇರಿಯ ಸಾಹೇಬರು ಮುಖದ ಮೇಲೇ ಹೇಳಿದ್ದರು.

ಅದಕ್ಕೇ ಮೇಷ್ಟ್ರು ಕನ್ನಡಕ ಏರಿಸಿ ಆ ಆದೇಶವನ್ನು ಎರಡು ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಿ ನೋಡಿದರು. ನೋಡಿ ಎದ್ದು ಕುಂತರು. ಮೇಲಿನ ದಿನಾಂಕ ಇವತ್ತಿನದು, ಆದರೆ ಆದೇಶದ ಸಂಖ್ಯೆಯಲ್ಲಿ ಹೋದ ವರ್ಷದ ಇಸವಿ ಹಾಗೇ ಕೂತಿತ್ತು! ಯಾವನೋ ಪುಣ್ಯಾತ್ಮ ಹಳೇ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಬಿಟ್ಟಿದ್ದಾನೆ.

ಪಕ್ಕದೂರಿನ ಶಾಲೆಯ ಪ್ರದೀಪ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದರು.

“ಲೇ ಓಬಳೇಶ, ಅಷ್ಟೂ ಗ್ರೂಪಲ್ಲಿ ಬಂದೈತೆ ಕಣೋ. ಎಲ್ಲಾರೂ ಹೇಳಿದ್ದು ಸುಳ್ಳಾಗುತ್ತಾ?”

“ಎಲ್ಲಾರೂ ಕಳಿಸವ್ರೆ. ಒಬ್ಬನಾದ್ರೂ ಓದವ್ನಾ?”

“ನಿಂಗ್ಯಾಕೆ ಬೇಕು? ರಜೆ ಕೊಟ್ರೆ ತಗಳ್ಳೋದಪ್ಪ. ನಾನು ದುರ್ಗಕ್ಕೆ ಹೊಂಟೆ.”

“ಹೋಗು. ಈ ಸಲ ಮಾತ್ರ ನಾನು ಮಿಕ ಆಗಲ್ಲ. ಇಡೀ ಜಿಲ್ಲೆ ಮುಚ್ಕಂಡ್ರೂ ನನ್ನ ಶಾಲೆ ತೆಗೀತೀನಿ!” ಎಂದವರೇ ಮೇಷ್ಟ್ರು ಮೊಪೆಡ್ ಹತ್ತಿ ತಮ್ಮ ಶಾಲೆಯಿದ್ದ ಕರೇಕಲ್ಲಹಟ್ಟಿಗೆ ಹೊರಟರು.

ಶಾಲೆಯ ಮುಂದೆ ಅಡುಗೆಯ ಏಕಾಂತಮ್ಮ ಒಬ್ಬಳೇ ಕಾಯುತ್ತಾ ಕುಂತಿದ್ದಳು.

“ನೀನು ಹೆಂಗೆ ಬಂದೆ ಏಕಾಂತಮ್ಮ? ರಜೆ ಅಂತ ಗೊತ್ತಾಗ್ಲಿಲ್ವಾ?”

“ನಂದು ಒತ್ತೋ ಫೋನು ಸಾ. ಅದ್ರಾಗೆ ಏನೂ ಬರಲ್ಲ. ಅದ್ಕೇ ಬಂದೆ.”

ಇಡೀ ಊರಲ್ಲಿ ಸರಿಯಾದ ಸುದ್ದಿ ಗೊತ್ತಿರುವವಳು ಇವಳೊಬ್ಬಳೇ ಎಂದು ಮೇಷ್ಟ್ರಿಗೆ ಅನಿಸಿತು. ಅವಳನ್ನೂ ಕರೆದುಕೊಂಡು ಮನೆ ಮನೆ ಬಾಗಿಲು ತಟ್ಟಿದರು. “ಫೋನಲ್ಲಿ ಮಳೆ ಅಂತ ಬಂದೈತೆ ಸಾ” ಎಂದು ಹೆತ್ತವರು ಒಣ ಅಂಗಳದಲ್ಲಿ ನಿಂತು ವಾದಿಸಿದರು. “ಮೇಲೆ ನೋಡ್ರಿ, ಮೇಲೆ! ಕುತ್ತಿಗೆ ಎತ್ತಿದ್ರೆ ಮುರಿದು ಹೋಗುತ್ತಾ?” ಎಂದು ಮೇಷ್ಟ್ರು ರೇಗಿದರು. ಕೊನೆಗೆ ಇಪ್ಪತ್ತಾರರಲ್ಲಿ ಹನ್ನೊಂದು ಮಕ್ಕಳು ಸಿಕ್ಕವು. ಅವುಗಳಲ್ಲಿ ನಾಲ್ಕು ಅಳುತ್ತಾ ಬಂದವು.

ಹನ್ನೊಂದು ಗಂಟೆಗೆ ತಿಮ್ಮೇಶ ಬಂದ. ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಫೋನಿನಲ್ಲೇ ‘ಹಟ್ಟಿ ನ್ಯೂಸ್’ ಎಂಬ ಚಾನಲ್ ನಡೆಸುವ ಆಸಾಮಿ. ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಸೀದಾ ಕ್ಲಾಸಿಗೇ ನುಗ್ಗಿದ.

“ಸರ್ಕಾರ ರಜೆ ಕೊಟ್ರೂ ಶಾಲೆ ತೆಗೆದಿದ್ದೀರಿ. ಮಕ್ಕಳ ಜೀವದ ಜೊತೆ ಚೆಲ್ಲಾಟ ಆಡ್ತಿದೀರಾ ಸಾರ್?”

“ಯಾವ ಜೀವಕ್ಕೆ ಏನಾಗೈತಪ್ಪ? ಸಂಖ್ಯೆ ನೋಡಿಲ್ಲಿ. ಇಸವಿ ಓದು.”

“ಅದೆಲ್ಲ ಉದ್ದ ಆಗುತ್ತೆ ಸಾರ್. ಒಂದೇ ಮಾತಲ್ಲಿ ಹೇಳ್ರಿ, ಮಳೆ ಬಂದ್ರೆ ಯಾರು ಹೊಣೆ?”

“ಮಳೆ ಬಂದ್ರೆ ನಾನೇ ಹೊಣೆ! ಹೋಗು, ಹಾಕ್ಕೋ!”

ತಿಮ್ಮೇಶ ಹಾಕಿಯೇಬಿಟ್ಟ. ಅರ್ಧ ಗಂಟೆಯಲ್ಲಿ ವಿಡಿಯೋ ಹೊಸದುರ್ಗ ದಾಟಿ ಹಿರಿಯೂರಿಗೂ ಮುಟ್ಟಿತು. ಸುಡುವ ಬಿಸಿಲಲ್ಲಿ ತೆಗೆದ ಚಿತ್ರಕ್ಕೆ ಹಿಂದಿನಿಂದ ಗುಡುಗಿನ ಸದ್ದು ಸೇರಿಸಿದ್ದ. “ನಾನೇ ಹೊಣೆ” ಎನ್ನುವ ಮಾತು ಮೂರು ಸಲ ಬರುತ್ತಿತ್ತು.

ಅನುಸೂಯ ಫೋನ್ ಮಾಡಿದಳು. “ರೀ, ಏನ್ರಿ ಇದು? ಆಸ್ಪತ್ರೆ ತುಂಬಾ ನಿಮ್ದೇ ಮಾತು. ಊರಿಗೆಲ್ಲ ಒಂದಾದ್ರೆ ನಿಮಗೇ ಒಂದಾ?”

“ಅನೂ, ಆದೇಶ ಸುಳ್ಳು ಕಣೆ. ನಾನು ಓದಿದೀನಿ.”

“ನಿಮಗೆ ನಂಬಿಕೆ ಇದ್ರೆ ಸರಿ ಬಿಡ್ರಿ. ಆದ್ರೆ ಬಿಂದು ಯೂನಿಫಾರ್ಮ್ ತೊಗೊಂಡಾಗಿಂದ ಅಪ್ಪನೇ ಸ್ಕೂಲಿಗೆ ಬಿಡ್ಬೇಕು ಅಂತ ಕುಂತವ್ಳೆ. ಅದು ನೆನಪಿರಲಿ” ಎಂದಳು.

ಮಧ್ಯಾಹ್ನ ಎರಡಕ್ಕೆ ಮೇಲಿನ ಕಚೇರಿಯಿಂದಲೇ ಗ್ರೂಪಿಗೆ ಸಂದೇಶ ಬಂತು: ‘ಹರಿದಾಡುತ್ತಿರುವ ರಜೆ ಆದೇಶ ನಕಲಿ. ಶಾಲೆ ಮುಚ್ಚಿದವರ ಮೇಲೆ ಕಠಿಣ ಕ್ರಮ.’

ಅಯ್ಯೋ, ಆ ಹೊತ್ತಿನ ಮೇಷ್ಟ್ರ ಮುಖ ನೋಡಬೇಕಿತ್ತು! ಮಕ್ಕಳಿಗೆ ಎರಡೆರಡು ಸೌಟು ಸಾರು ಬಿಡಿಸಿದರು. ಏಕಾಂತಮ್ಮನ ಮುಂದೆ ಆ ಸಂದೇಶವನ್ನು ಪಾಠದ ಹಾಗೆ ಎರಡು ಸಲ ಓದಿದರು. ಪ್ರದೀಪ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಿಂದ ಅಳುವ ದನಿಯಲ್ಲಿ, “ನಿನ್ನ ಮಾತು ಕೇಳಬೇಕಿತ್ತು ಕಣೋ. ಈಗೇನು ಗತಿ?” ಎಂದ. “ಇನ್ನು ಮುಂದೆ ಕಳಿಸೋಕೆ ಮೊದ್ಲು ಓದೋದು ಕಲಿ” ಎಂದು ಮೇಷ್ಟ್ರು ದೊಡ್ಡ ಮನಸ್ಸಿನಿಂದ ಬುದ್ಧಿ ಹೇಳಿದರು. ಹೊಳಲ್ಕೆರೆಯಲ್ಲಿ ಬಿಂದುವಿನ ಕೈ ಹಿಡಿದು ಶಾಲೆಗೆ ಬಿಡುವ ಕನಸನ್ನೂ ಆಗಲೇ ಕಂಡುಬಿಟ್ಟರು.

ನಾಲ್ಕೂವರೆಗೆ ಇನ್ನೊಂದು ಆದೇಶ ಬಂತು. ಮೇಷ್ಟ್ರು ಮತ್ತೆ ಕನ್ನಡಕ ಏರಿಸಿದರು. ಸಂಖ್ಯೆ ಸರಿ. ಇಸವಿ ಸರಿ. ಸಹಿ ಸರಿ. ಎಲ್ಲಿ ಎಳೆದು ನೋಡಿದರೂ ಒಂದು ಕೊಂಕಿಲ್ಲ, ಪಕ್ಕಾ ಅಸಲಿ. ‘ಒಂದು ಶಾಲೆ ಬಿಟ್ಟು ಉಳಿದೆಲ್ಲ ಶಾಲೆಗಳು ಮುಚ್ಚಿರುವುದರಿಂದ, ಇಂದು ಬೆಳಗಿನಿಂದಲೇ ಅನ್ವಯವಾಗುವಂತೆ ರಜೆ ಘೋಷಿಸಲಾಗಿದೆ. ಬದಲಿಗೆ ಬರುವ ಭಾನುವಾರ ಎಲ್ಲ ಶಾಲೆಗಳೂ ಪೂರ್ಣ ದಿನ ನಡೆಯಬೇಕು. ರಜಾದಿನದಲ್ಲಿ ಶಾಲೆ ನಡೆಸಿದ ಶಿಕ್ಷಕರಿಗೆ ನೋಟಿಸ್ ಜಾರಿಯಾಗಿದೆ.’

ತಕ್ಷಣ ಮೇಷ್ಟ್ರು ಕಚೇರಿಯ ಗುಮಾಸ್ತ ಕಾಟಲಿಂಗಪ್ಪನಿಗೆ ಫೋನ್ ಹಚ್ಚಿದರು.

“ಏನ್ರಿ ಇದು ಅನ್ಯಾಯ? ಸರಿ ಮಾಡಿದೋನು ನಾನೊಬ್ನೇ!”

“ಅದೇ ಸಾರ್ ತೊಂದ್ರೆ ಆಗಿದ್ದು. ಮುಚ್ಚಿದೋರು ಮುನ್ನೂರು ಮಂದಿ. ಅಷ್ಟೂ ಜನಕ್ಕೆ ನೋಟಿಸ್ ಕೊಡಾಕೆ ಆಗುತ್ತಾ? ತೆಗೆದೋರು ನೀವೊಬ್ರೇ, ನಮಗೂ ಸಲೀಸು. ವಿಡಿಯೋ ಬೇರೆ ಮೇಲಕ್ಕೆ ಹೋಗೈತೆ. ನೀವೇ ಹೊಣೆ ಅಂದಿದೀರಲ್ಲ. ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡ್ರಿ, ವರ್ಗಾವಣೆಗೆ ಏನಾದ್ರೂ ದಾರಿ ಹುಡುಕಾಣ.”

ಒಂದೇ ಒಂದು ಸಾಲು. ಮೇಷ್ಟ್ರು ಹಾಳೆ ತೆಗೆದರು, ಪೆನ್ನು ಹಿಡಿದರು. ಬಿಂದು ಕಣ್ಣ ಮುಂದೆ ಬಂದಳು. ಪೆನ್ನು ಕೆಳಗಿಟ್ಟರು. ಅನುಸೂಯಳಿಗೆ ಫೋನ್ ಮಾಡಿ ಎಲ್ಲ ಹೇಳಿದರು.

“ತಪ್ಪು ಮಾಡಿದೀರಾ?” ಎಂದಳು ಅವಳು.

“ಇಲ್ಲ.”

“ಮತ್ತೆ ಯಾತಕ್ಕೆ ಬರೀತೀರಿ? ಭಾನುವಾರ ನಾವೇ ಅಲ್ಲಿಗೆ ಬರ್ತೀವಿ. ನಿಮ್ಮ ಶಾಲೆಗೇ ಬಿಡ್ರಿ ಅವಳ್ನ.”

ಮೇಷ್ಟ್ರು ಕಣ್ಣೊರೆಸಿಕೊಂಡು ಬರೆದರು: ‘ಬೆಳಗ್ಗೆ ಇಲ್ಲದ ರಜೆಯನ್ನು ಬೆಳಗ್ಗೆ ಪಾಲಿಸಲಿಲ್ಲ. ಇದು ತಪ್ಪಾದರೆ ಶಿಕ್ಷೆ ಕೊಡಿ. ಕ್ಷಮೆ ಕೇಳುವುದಿಲ್ಲ.’ ಕೆಳಗೆ ಸಹಿ ಎಳೆದು, ಫೋಟೋ ತೆಗೆದು ಕಚೇರಿಗೆ ಕಳಿಸಿಯೇಬಿಟ್ಟರು.

ಎರಡು ನಿಮಿಷಕ್ಕೆ ಕಾಟಲಿಂಗಪ್ಪ ವಾಪಸ್ ಫೋನ್ ಮಾಡಿದ.

“ಸಾರ್, ಇದು ನಡೆಯಲ್ಲ. ಕಾಗದ ಹಿಡ್ಕಂಡು ಖುದ್ದು ಬರ್ರಿ. ವಾಟ್ಸಾಪಲ್ಲಿ ಬಂದಿದ್ದನ್ನೆಲ್ಲ ನಾವು ಹೆಂಗೆ ನಂಬೋದು?”

ಮೇಷ್ಟ್ರು ಫೋನ್ ಇಟ್ಟರು. ಹೊಸ ಹಾಳೆ ತೆಗೆದು ಅದೇ ಮಾತನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆಯಲು ಕುಂತರು.